ಅಪ್ಪನ ಹೆಸರಿನ ಜಾಗದಲ್ಲಿ ಊರಿನ ಹೆಸರು

ಹದಿನೈದು ವರ್ಷ ದಂಡಿನಲ್ಲಿದ್ದು ಪಿಂಚಣಿ ಪಡೆದು ನಾನು ಮಾಸೂರಿಗೆ ಮರಳಿದಾಗ ಕನ್ನಡ ನಾಡು ಒಂದಾಗಿ ಎರಡು ವರ್ಷವಾಗಿತ್ತು. ಹೋಗುವಾಗ ನಮ್ಮದು ಮುಂಬೈ ಪ್ರಾಂತ, ಬರುವಾಗ ಮೈಸೂರು ರಾಜ್ಯ. ಹಿರೇಕೆರೂರಿನ ಕಚೇರಿಯಲ್ಲಿ ಮಾಮ್ಲೇದಾರರು ಹೋಗಿ ತಹಶೀಲ್ದಾರರು ಬಂದಿದ್ದರು. ಜನ ಮಾತ್ರ ಹಳೆಯ ರೂಢಿಯಂತೆ ಮಾಮ್ಲೇದಾರ ಸಾಹೇಬರೆಂದೇ ಅನ್ನುತ್ತಿದ್ದರು.

ನನ್ನ ಹೆಸರೂ ಬದಲಾಗಿತ್ತು. ಊರವರ ಬಾಯಲ್ಲಿ ನಾನು ‘ಮಿಲಿಟ್ರಿ’ ಆಗಿದ್ದೆ. ಬಂದ ಮೊದಲ ತಿಂಗಳಲ್ಲೇ ಶಾಲೆಯ ಮಾಸ್ತರರು ಕರೆದು ಮಕ್ಕಳ ಮುಂದೆ ನಿಲ್ಲಿಸಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎಷ್ಟು ಜನರನ್ನು ಕೊಂದಿರಿ ಎಂದು ಕೇಳಿದಳು. ಒಬ್ಬರನ್ನೂ ಇಲ್ಲ ಎಂದೆ. ಹಾಗಾದರೆ ಅಷ್ಟು ವರ್ಷ ಅಲ್ಲಿ ಮಾಡಿದ್ದೇನು ಎಂಬುದು ಅವಳ ಮರುಪ್ರಶ್ನೆ. ನನ್ನ ಕೆಲಸ ಹೇಸರಗತ್ತೆಗಳದು. ಗಾಡಿ ಹೋಗದ ಗುಡ್ಡಗಳ ಮೇಲೆ ಅವು ನೀರು, ಬೇಳೆ, ಮದ್ದುಗುಂಡು ಹೊತ್ತು ಹತ್ತುತ್ತಿದ್ದವು. ನಾನು ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದೆ. ಬರ್ಮಾದ ಕಾಡಿನಲ್ಲಿ ಒಂದು ಹೇಸರಗತ್ತೆ ನನ್ನ ಟೊಪ್ಪಿಗೆಯನ್ನು ತಿಂದು ಹಾಕಿದ್ದನ್ನು ಹೇಳಿದೆ. ಮಕ್ಕಳು ನಕ್ಕರು. ಮಾಸ್ತರರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ನಮ್ಮ ಮನೆಯಲ್ಲಿ ಆಗ ಅಪ್ಪ, ನನ್ನ ಹೆಂಡತಿ ಮತ್ತು ನಾನು. ಅವ್ವ ನಾನು ದೂರದಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ನನ್ನೊಡನೆ ಹೊಲ, ನೀರು, ಎತ್ತು ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಿದ್ದ. ಅದಕ್ಕೆ ಕಾರಣವಿತ್ತು.

ಹತ್ತೊಂಬತ್ತರ ವಯಸ್ಸಿನಲ್ಲಿ ಒಂದು ದಿನ ನಾನು ಚಕ್ಕಡಿ ಹೂಡಿಕೊಂಡು ಹಂಸಭಾವಿಯ ಸಂತೆಗೆ ಹೋಗಿದ್ದೆ. ಹಿಂದಿನ ದಿನ ಅಪ್ಪ ನಾಲ್ಕು ಜನರೆದುರು ನನ್ನನ್ನು ಕೆಲಸಗೇಡಿ ಎಂದು ಬೈದಿದ್ದ. ಸಂತೆಯಲ್ಲಿ ದಂಡಿಗೆ ಜನ ಸೇರಿಸುವವರ ಲಾರಿ ನಿಂತಿತ್ತು. ಎತ್ತುಗಳನ್ನು ಊರ ದಾರಿಗೆ ತಿರುಗಿಸಿ, ಬೆನ್ನು ಚಪ್ಪರಿಸಿ ಬಿಟ್ಟು, ನಾನು ಲಾರಿ ಹತ್ತಿದೆ. ಎರಡು ವರ್ಷದ ನಂತರ ಮೊದಲ ರಜೆಗೆ ಬಂದಾಗ ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದು ಒಂದೇ ಮಾತು: “ಎತ್ತು ತಾವ ಬಂದ್ವು.” ಆಮೇಲೆ ಆ ವಿಷಯ ನಮ್ಮ ನಡುವೆ ಬರಲಿಲ್ಲ. ಅದರ ಆಚೀಚೆಗೂ ಬರಲಿಲ್ಲ.

ಲಾರಿ ಇಳಿದ ಜಾಗದಲ್ಲಿ ಒಬ್ಬ ಗುಮಾಸ್ತ ಮೇಜಿನ ಹಿಂದೆ ಕೂತು ಹಿಂದುಸ್ತಾನಿಯಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದ. ನನಗೆ ಆ ಭಾಷೆ ಬರುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ಗಟ್ಟಿಯಾಗಿ ಉತ್ತರ ಕೊಡು, ಅಳುಕಿದರೆ ಹಿಂದಕ್ಕೆ ಕಳಿಸುತ್ತಾರೆ ಎಂದು ಪಕ್ಕದವನೊಬ್ಬ ಕಿವಿಯಲ್ಲಿ ಹೇಳಿದ್ದ. ಹೆಸರು ಕೇಳಿದರು, ಹೇಳಿದೆ. ಆಮೇಲೆ ‘ವಾಲಿದ್’ ಎಂದೇನೋ ಕೇಳಿದರು. ಅದು ಅಪ್ಪನ ಹೆಸರು ಕೇಳುವ ಮಾತೆಂದು ನನಗೇನು ಗೊತ್ತು? ಊರು ಕೇಳುತ್ತಿದ್ದಾರೆಂದುಕೊಂಡು “ಮಾಸೂರು” ಎಂದು ಗಟ್ಟಿಯಾಗಿ ಹೇಳಿದೆ. ಅದರ ಮುಂದಿನ ಪ್ರಶ್ನೆಯಲ್ಲಿ ‘ಗಾಂವ್’ ಎಂಬ ಶಬ್ದ ಕೇಳಿಸಿತು. ಊರು ಹೇಳಿಯಾಗಿತ್ತು, ಇನ್ನು ತಾಲೂಕು ಇರಬೇಕೆಂದು “ಹಿರೇಕೆರೂರು” ಎಂದೆ. ಹೀಗೆ ದಂಡಿನ ದಾಖಲೆಯಲ್ಲಿ ನಾನು ಹಿರೇಕೆರೂರು ಗ್ರಾಮದ, ಮಾಸೂರು ಎಂಬವರ ಮಗನಾದೆ.

ಪಿಂಚಣಿಯ ಕಾಗದಗಳು ಹಿರೇಕೆರೂರಿನ ಖಜಾನೆಗೆ ಬಂದಾಗ ವಿಚಾರಣೆ ಶುರುವಾಯಿತು. ಅಲ್ಲಿನ ಗುಮಾಸ್ತ ಬುದ್ಧಿವಂತ. ಇದು ಮಾಸೂರಿನವರ ಕಾಗದವೇ ಇರಬೇಕೆಂದು ಊಹಿಸಿ ನಮ್ಮೂರಿನ ಕಂದಾಯದ ಲೆಕ್ಕ ಬರೆಯುವ ತಲಾಠಿಗೆ ಕಳಿಸಿ, ಇಂಥವರ ಮಗ ಇಂಥವನು ನಿಮ್ಮಲ್ಲಿ ಇದ್ದಾನೆಯೇ ಎಂದು ವರದಿ ಕೇಳಿದ. ತಲಾಠಿ ನಮ್ಮ ಓಣಿಯವರೇ. ಹಿಂದಿನ ವಾರವಷ್ಟೇ ನಮ್ಮ ಪಡಸಾಲೆಯಲ್ಲಿ ಕೂತು ಹೋಳಿಗೆ ಉಂಡು ಹೋಗಿದ್ದರು. ಅವರು ಬರೆದ ಉತ್ತರವನ್ನು ನಾನೇ ಕಚೇರಿಯಲ್ಲಿ ಓದಿದೆ: ಈ ಊರಿನಲ್ಲಿ ಮಾಸೂರು ಎಂಬ ಹೆಸರಿನ ಗಂಡಸು ಯಾರೂ ಇರುವುದಿಲ್ಲ, ಹಿಂದೆಯೂ ಇದ್ದ ದಾಖಲೆ ಇಲ್ಲ.

ಊರಿಗೆ ಬಂದವನೇ ಅವರ ಮನೆಗೆ ಹೋಗಿ ಕೇಳಿದೆ. ಅವರಿಗೆ ಸಂಕೋಚವೇನೂ ಆಗಲಿಲ್ಲ. “ಕೇಳಿದ್ದಕ್ಕ ಖರೇ ಬರದೇನಿ. ನಿಮ್ಮಪ್ಪನ ಹೆಸರು ಅದಲ್ಲ ಅಂತ ನನಗ ಗೊತ್ತಿಲ್ಲೇನು?” ಎಂದರು. ಅದೂ ನಿಜವೇ.

ಕಾಗದದ ಪ್ರಕಾರ ಆ ಸಿಪಾಯಿ ನಾನಲ್ಲ. ನಾನೇ ಎಂದು ತೋರಿಸಬೇಕಾದರೆ ನನ್ನ ಅಪ್ಪ ತಾನೇ ನನ್ನ ಅಪ್ಪನೆಂದು ಕಚೇರಿಯಲ್ಲಿ ನಿಂತು ಹೇಳಬೇಕು. ಅದನ್ನು ಅಪ್ಪನಿಗೆ ಹೇಳುವುದೇ ನನಗೆ ಬರ್ಮಾದ ಗುಡ್ಡಕ್ಕಿಂತ ಕಡಿದಾಗಿ ಕಂಡಿತು. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹೆಂಡತಿ, ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದಳು. ಸಂಜೆ ಅಪ್ಪ ರೊಟ್ಟಿ ಉಂಡು ಕೈ ತೊಳೆದಾಗ ಎಲ್ಲವನ್ನೂ ಹೇಳಿದೆ. ಗುಮಾಸ್ತನ ಪ್ರಶ್ನೆ, ನನ್ನ ಗಟ್ಟಿ ಉತ್ತರ, ಎಲ್ಲ. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಪ್ಪ ನಗಲಿಲ್ಲ.

“ನೀ ಯಾವಾಗ ನೋಡಿದಿ ಅದನ್ನ?” ಎಂದು ಕೇಳಿದ.

ಸುಳ್ಳು ಹೇಳಬಹುದಿತ್ತು. ಆದರೆ ದಂಡಿನಲ್ಲಿ ಅಕ್ಷರ ಕಲಿಸುತ್ತಾರೆಂದು ಅವನಿಗೆ ಗೊತ್ತಿತ್ತು. ದಾಖಲೆಯ ಆ ತಪ್ಪನ್ನು ಮೂರನೆಯ ವರ್ಷದಲ್ಲಿ ನೋಡಿದೆ ಎಂದೆ. ಜೊತೆಯವರು ಊರಿನ ಮಗನೆಂದು ತಮಾಷೆ ಮಾಡುತ್ತಿದ್ದರು. ತಿದ್ದಿಸಲು ಅರ್ಜಿ ಕೊಡು ಎಂದು ನಮ್ಮ ಹವಾಲ್ದಾರರೂ ಹೇಳಿದ್ದರು. ನಾನು ಕೊಡಲಿಲ್ಲ. ಯಾಕೆ ಎಂದು ಅಪ್ಪ ಕೇಳಲಿಲ್ಲ, ನಾನು ಹೇಳಲಿಲ್ಲ. ಆಗ ನನ್ನೊಳಗೆ ಸಿಟ್ಟು ಇನ್ನೂ ಇತ್ತು. ಹನ್ನೆರಡು ವರ್ಷ ಹಾಗೇ ಬಿಟ್ಟುಕೊಂಡು ಬಂದಿದ್ದೆ. ಅಪ್ಪ ಎದ್ದು ದನದ ಕೊಟ್ಟಿಗೆಗೆ ಹೋದ.

ಬೆಳಿಗ್ಗೆ ನಾನೇಳುವ ಹೊತ್ತಿಗೆ ಚಕ್ಕಡಿ ಹೂಡಿಯಾಗಿತ್ತು. ಅಪ್ಪ ತೊಳೆದ ಧೋತರ ಉಟ್ಟು, ಹೊಸ ರುಮಾಲು ಸುತ್ತಿ ಮುಂದೆ ಕೂತಿದ್ದ. ಹೆಂಡತಿ ರೊಟ್ಟಿ ಬುತ್ತಿ ಕೊಟ್ಟಳು. ಹಿರೇಕೆರೂರು ಮುಟ್ಟುವ ತನಕ ಅವನು ಎತ್ತುಗಳೊಡನೆ ಮಾತಾಡಿದ, ನನ್ನೊಡನೆ ಅಲ್ಲ.

ಕಚೇರಿ ಕಟ್ಟೆಯ ಮೇಲೆ ಸಾಕಷ್ಟು ಹೊತ್ತು ಕಾದ ಮೇಲೆ ಒಳಗೆ ಕರೆದರು. ತಹಶೀಲ್ದಾರರು ಕನ್ನಡಕ ಹಾಕಿದ, ಸಮಾಧಾನದ ಮನುಷ್ಯ. ಕಾಗದವನ್ನು ಎರಡು ಸಲ ಓದಿದರು. ಯಾರು ಬೇಕಾದರೂ ಯಾರನ್ನಾದರೂ ಮಗನೆಂದು ಕರೆತರಬಹುದು, ಬರಿ ಮಾತಿನ ಮೇಲೆ ಸಹಿ ಹಾಕಲಾಗದು ಎಂದರು. ಆಮೇಲೆ ಕಾಗದದ ಕೆಳಭಾಗವನ್ನು ನೋಡಿ, ನನಗೆ ಹೊರಗೆ ಹೋಗಿ ನಿಲ್ಲಲು ಹೇಳಿದರು. ನಾನು ಹೊರಗೆ ಕಿಟಕಿಯ ಪಕ್ಕದಲ್ಲೇ ನಿಂತೆ. ದೂರ ಹೋಗೆಂದು ಅವರು ಹೇಳಿರಲಿಲ್ಲ.

“ನಿಮ್ಮ ಮಗನ ಮೈಮ್ಯಾಲೆ ಏನರ ಗುರುತು ಅದಾವೇನ್ರಿ, ಹಿರಿಯಾರ?” ಎಂದು ಅವರು ಕೇಳಿದ್ದು ಕೇಳಿಸಿತು.

“ಎಷ್ಟು ಬೇಕ್ರಿ ಸಾಹೇಬ್ರ?” ಎಂದ ಅಪ್ಪ.

ಗೊತ್ತಿದ್ದಷ್ಟು ಹೇಳಿ ಎಂದರು. ಅಪ್ಪ ಶುರು ಮಾಡಿದ. ಎಡಗಿವಿಯ ಹಿಂದೆ ಒಂದು ಗೀರು: ಅಂಬೆಗಾಲಿಡುವಾಗ ಅವ್ವ ಹುಲ್ಲು ಕೊಯ್ಯುತ್ತಿದ್ದ ಕುಡುಗೋಲಿನ ಹತ್ತಿರ ಹೋದದ್ದು, ಅವತ್ತು ಅವಳು ಉಣ್ಣಲಿಲ್ಲ. ಬಲಗಾಲಿನ ಮೊಣಕಾಲ ಚಿಪ್ಪಿನ ಮೇಲೆ ಒಂದು: ಮದಗದ ಕೆರೆಯ ಕಲ್ಲಿನ ಮೇಲೆ ಜಾರಿದ್ದು, ಈಜು ಬರುವುದಿಲ್ಲವೆಂದು ಒಪ್ಪಿಕೊಳ್ಳದೆ ನೀರಿಗಿಳಿದ ದಿನ. ಎಡಗಾಲಿನ ಕಿರುಬೆರಳಿಗೆ ಉಗುರೇ ಇಲ್ಲ, ಚಕ್ಕಡಿಯ ಗಾಲಿ ಹಾಯ್ದದ್ದು. ಗದ್ದದ ಕೆಳಗೆ ಸೀಳು, ಜೋಕಾಲಿಯಿಂದ ಬಿದ್ದದ್ದು. ಹೊಕ್ಕುಳಿನ ಎಡಕ್ಕೆ ಬರೆ, ಕಾಮಣಿಯಾಗಿ ಮೈ ಹಳದಿಗಟ್ಟಿದಾಗ ಹಾಕಿಸಿದ್ದು. ಬರೆ ಹಾಕುವಾಗ ಹಿಡಿದುಕೊಂಡವನು ತಾನೇ, ಆ ಕೂಗು ಇನ್ನೂ ಕಿವಿಯಲ್ಲಿದೆ ಎಂದ. ಬೆನ್ನಲ್ಲಿ ರೆಕ್ಕೆಯ ಎಲುಬಿನ ಕೆಳಗೆ ಒಂದು ಮಚ್ಚೆ, ಜೋಳದ ಕಾಳಿನಷ್ಟು. “ಅದು ಅವಗೂ ಗೊತ್ತಿರಾಕಿಲ್ಲ. ತನ್ನ ಬೆನ್ನು ತಾ ಯಾವಾಗ ನೋಡ್ಯಾನು?”

ಒಳಗೆ ಗುಮಾಸ್ತರ ಲೇಖನಿಗಳು ನಿಂತಿದ್ದವು. ಕಿಟಕಿಯ ಹೊರಗೆ ನಾನು ಕೈಯಿಂದ ಕಿವಿಯ ಹಿಂದೆ ತಡವಿ ನೋಡಿಕೊಂಡೆ. ಆ ಗೀರು ಅಲ್ಲಿರುವುದೇ ನನಗೆ ನೆನಪಿರಲಿಲ್ಲ. ಕೆಲಸಗೇಡಿ ಎಂಬ ಒಂದೇ ಮಾತನ್ನು ನಾನು ಹದಿನೈದು ವರ್ಷ ಜತನ ಮಾಡಿಟ್ಟುಕೊಂಡಿದ್ದೆ. ಅವನು ಇಟ್ಟುಕೊಂಡಿದ್ದು ಇದೆಲ್ಲ. ಕಣ್ಣು ತುಂಬಿ ಬಂದಿತು. ಅದರ ಜೊತೆಗೇ ನಗುವೂ ಬಂದಿತು, ಯಾಕೆಂದರೆ ಒಳಗೆ ತಹಶೀಲ್ದಾರರು ಸಾಕು ಸಾಕು ಎನ್ನುತ್ತಿದ್ದರು. ಕಾಗದದಲ್ಲಿದ್ದದ್ದು ಎರಡೇ ಗುರುತು, ಗದ್ದದ್ದು ಮತ್ತು ಹೊಟ್ಟೆಯದು. ಎರಡೂ ತಾಳೆಯಾಗಿವೆ ಎಂದರು. ಅಪ್ಪ ಬಿಡಲಿಲ್ಲ.

“ಕಿವಿ ಹಿಂದಿಂದು ಬರಕೊಂಬಿಡ್ರಿ. ಅವರವ್ವಂದು ಅದು.”

ಕಾಲಂ ಇಲ್ಲವೆಂದು ಗುಮಾಸ್ತ ಮೆಲ್ಲಗೆ ಹೇಳಿದ. ತಹಶೀಲ್ದಾರರು ಕನ್ನಡಕ ತೆಗೆದು ಒರೆಸಿಕೊಂಡು, ಬರೆಯಲು ಹೇಳಿದರು. ನನ್ನನ್ನು ಒಳಗೆ ಕರೆದಾಗ ಹೇಳಿಕೆ ಬರೆದು ಮುಗಿದಿತ್ತು. ಅಪ್ಪನ ಹೆಸರು ಬಂದ ಕಡೆ ಅವನು ಗುಮಾಸ್ತನಿಂದ ಮೂರು ಸಲ ಓದಿಸಿ ಕೇಳಿದ. ಅದರ ಕೆಳಗೆ ಹೆಬ್ಬೆಟ್ಟು ಒತ್ತುವಾಗ ಮಾತ್ರ ಅವನಿಗೆ ನಾಚಿಕೆಯಾದದ್ದನ್ನು ನೋಡಿದೆ.

ಮರಳುವಾಗ ದಾರಿಯಲ್ಲಿ ಒಂದು ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಮಚ್ಚೆ ಎಲ್ಲಿದೆ ಎಂದು ನಾನು ಕೇಳಿದೆ. ಅಪ್ಪ ಬಾರಕೋಲಿನ ತುದಿಯಿಂದ ನನ್ನ ಬೆನ್ನಿಗೆ ಚುಚ್ಚಿ ತೋರಿಸಿದ. ಆಗ ಹೇಳಿದೆ, “ಅವಾಗ ನನಗ ಸಿಟ್ಟಿತ್ತಪ್ಪ. ಅದಕ್ಕ ತಿದ್ದಿಸಲಿಲ್ಲ.”

ಅವನು ರೊಟ್ಟಿ ಮುರಿದು ಚಟ್ನಿಗೆ ಒತ್ತಿ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದ.

“ನನಗೂ ಇತ್ತು,” ಎಂದ. ಉಳಿದ ದಾರಿಯುದ್ದಕ್ಕೂ ಮಾತಾಡಿದ. ನಾನಿಲ್ಲದಾಗ ಸತ್ತ ಎತ್ತುಗಳು, ಅವ್ವನ ಕೊನೆಯ ದಿನಗಳು, ಕೆರೆ ಕೋಡಿ ಬಿದ್ದ ವರ್ಷ, ಹದಿನೈದು ವರ್ಷದ್ದೆಲ್ಲ. ಊರು ಬಂದಾಗಲೂ ಮುಗಿದಿರಲಿಲ್ಲ.

ಕಾಗದ ದಂಡಿನ ದಾಖಲೆ ಕಚೇರಿಗೆ ಹೋಗಿ ತಿದ್ದುಪಡಿಯಾಗಿ ಬರಲು ಒಂದು ಮಳೆಗಾಲ ಹಿಡಿಯಿತು. ಆ ಮಳೆಗಾಲದಲ್ಲಿ ಅಪ್ಪ ತನ್ನ ಹೆಸರು ಬರೆಯಲು ಕಲಿತ. ಕಲಿಸೆಂದು ಕೇಳಿದವನು ಅವನೇ. ನಾನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಬರೆದುಕೊಟ್ಟೆ. ಮೊದಮೊದಲು ಅಕ್ಷರಗಳು ಮಳೆಯಲ್ಲಿ ನೆನೆದ ಕೋಳಿಗಳಂತೆ ಒಂದಕ್ಕೊಂದು ಒತ್ತಿಕೊಂಡು ಕೂತವು. ಭತ್ತ ತೆನೆಗಟ್ಟುವ ಹೊತ್ತಿಗೆ ನೆಟ್ಟಗೆ ನಿಂತವು. ಬೇರೆ ಯಾವ ಶಬ್ದವನ್ನೂ ಕಲಿಯಲು ಅವನು ಒಪ್ಪಲಿಲ್ಲ, ಇಷ್ಟು ಸಾಕೆಂದ. ಪಿಂಚಣಿ ಪುಸ್ತಕ ಬಂದಾಗ ಅದರ ಜೊತೆಯಿದ್ದ ಕನ್ನಡ ಪತ್ರದಲ್ಲಿ ತನ್ನ ಹೆಸರನ್ನು ತಾನೇ ಹುಡುಕಿ ಬೆರಳಿಟ್ಟ. ಪತ್ರ ಒಂದು ವಾರ ಅವನ ಅಂಗಿಯ ಜೇಬಿನಲ್ಲಿತ್ತು. ಹಂಸಭಾವಿಯ ಸಂತೆಗೂ ಹೋಗಿ ಬಂತು. ತಲಾಠಿಯವರಿಗಂತೂ ಎರಡು ಸಲ ತೋರಿಸಿದ್ದ. ಅವರು, ಈಗ ಕೇಳಿದರೆ ಇದ್ದಾರೆಂದೇ ಬರೆಯುತ್ತೇನೆ ಎಂದರಂತೆ.

ಮಾರನೆಯ ವರ್ಷ ದಂಡಿನಿಂದ ಬಂದವನೆಂಬ ಕಾರಣಕ್ಕೆ ನನಗೆ ಹಾನಗಲ್ಲಿನ ಪೇಟೆಯಲ್ಲಿ ಕಾವಲಿನ ಕೆಲಸ ಸಿಕ್ಕಿತು. ಅಪ್ಪ ಹೊಲ, ಎತ್ತು ಬಿಟ್ಟು ಬರಲು ಒಪ್ಪದೆ ಮಾಸೂರಿನಲ್ಲೇ ಉಳಿದ. ಭತ್ತದ ಚೀಲ, ಅಡಿಕೆ, ಬೆಲ್ಲದ ಗಾಡಿಗಳ ನಡುವೆ ಖಾಕಿ ಅಂಗಿ ಹಾಕಿಕೊಂಡು ತಿರುಗುವುದು. ಸಂತೆಯ ದಿನ ಶಿಗ್ಗಾವಿ, ಸವಣೂರು ಕಡೆಯ ಹಳೆಯ ಸಿಪಾಯಿಗಳು ಹುಡುಕಿಕೊಂಡು ಬರತೊಡಗಿದರು. ನನ್ನ ಕಾಗದದ ಕಥೆ ಅದು ಹೇಗೋ ಅಲ್ಲಿಗೂ ಮುಟ್ಟಿತ್ತು. ಎಲ್ಲರ ಕಾಗದದಲ್ಲೂ ಒಂದಲ್ಲ ಒಂದು ಎಡವಟ್ಟು. ಶಿಗ್ಗಾವಿಯವನೊಬ್ಬನ ದಾಖಲೆಯಲ್ಲಿ ಹೆಂಡತಿಯ ಹೆಸರಿರಬೇಕಾದಲ್ಲಿ ಅಕ್ಕನ ಹೆಸರಿತ್ತು, ಅವನು ಅದನ್ನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ನಾನು ಅರ್ಜಿ ಬರೆದುಕೊಡುತ್ತಿದ್ದೆ. ಯಾವ ಕಾಗದ ಯಾವ ಕಚೇರಿಗೆ ಹೋಗಬೇಕು, ಯಾರಿಂದ ವರದಿ ಬರಬೇಕು ಎಂಬುದು ನನಗೆ ಹೇಸರಗತ್ತೆಯ ದಾರಿಯಂತೆ ಪಾಠವಾಗಿತ್ತು.

ಸವಣೂರಿನವನೊಬ್ಬನದು ಎಲ್ಲಕ್ಕಿಂತ ದೊಡ್ಡ ತೊಡಕು. ಬರೆದುಕೊಂಡವರು ಅವನ ಹುಟ್ಟಿದ ವರ್ಷವನ್ನು ಎಷ್ಟು ಹಿಂದಕ್ಕೆ ಹಾಕಿದ್ದರೆಂದರೆ, ಲೆಕ್ಕ ಹಾಕಿದರೆ ಅವನು ತನ್ನ ತಂದೆಗಿಂತ ಹಿರಿಯ. ಅವನು ಅದನ್ನು ಹೇಳುವಾಗ ತಾನೇ ನಕ್ಕು ಕೆಮ್ಮುತ್ತಿದ್ದ. ಶಾಲೆಯ ದಾಖಲೆ ಹುಡುಕಿಸಿ, ಮೂರು ಅರ್ಜಿ ಬರೆದು, ಒಂದು ವರ್ಷ ಕಾದ ಮೇಲೆ ಅವನು ಕೊನೆಗೆ ತನ್ನ ತಂದೆಗಿಂತ ಇಪ್ಪತ್ತೆರಡು ವರ್ಷ ಕಿರಿಯವನಾದ. ಆ ಖುಷಿಗೆ ಸವಣೂರಿನ ವೀಳ್ಯದೆಲೆಯ ಒಂದು ಬುಟ್ಟಿಯನ್ನು ಹಾನಗಲ್ಲಿಗೆ ಹೊರಟ ಬಸ್ಸಿನಲ್ಲಿ ಕಳಿಸಿದ. ನಾವಿಬ್ಬರು ಗಂಡಹೆಂಡತಿ ಎಷ್ಟು ಎಲೆ ತಿಂದೇವು? ಹೆಂಡತಿ ಓಣಿಗೆಲ್ಲ ಹಂಚಿದಳು. ಮುಂದಿನ ತಿಂಗಳೂ ಬುಟ್ಟಿ ಬಂತು, ಅದರ ಮುಂದಿನ ತಿಂಗಳೂ ಬಂತು. ಸಾಕೆಂದು ಕಾರ್ಡು ಬರೆದೆ. ಅವನ ಉತ್ತರ ಬುಟ್ಟಿಯ ಜೊತೆಗೇ ಬಂತು, ಬಳ್ಳಿ ಚಿಗುರುವುದನ್ನು ನಿಲ್ಲಿಸುವುದು ಹೇಗೆಂದು ಮೊದಲು ತಿಳಿಸಬೇಕಂತೆ. ಹೆಂಡತಿ ಆಗಲೇ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ, ಪಕ್ಕದ ಮನೆಯವಳನ್ನು ಕೂಗಿ ಕರೆಯುತ್ತಿದ್ದಳು.