ಕುಂಕುಮ ಹಚ್ಚಿದ ನಟ್ಟುಗಳು

ಇವತ್ತು ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಕಾಮತರು ಕಾರಿಗೆ ಹೊಸ ಚಕ್ರ ಹಾಕಿ, ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಹಾಯಿಸಿದರು. ಜಜ್ಜಿದ ನಿಂಬೆ, ಹೊಸ ರಬ್ಬರು ಎರಡೂ ಸೇರಿದ ವಾಸನೆ ನನ್ನ ಕಿಟಕಿಯವರೆಗೆ ಬಂತು. ಬೇರೆಯವರಿಗೆ ಅದು ಶುಭದ ವಾಸನೆ. ನನಗೆ ಮಾತ್ರ ಹಳೆಯದೊಂದು ಹೆದರಿಕೆಯ ವಾಸನೆ.

ನಗಬೇಡಿ, ನಾನು ಹುಟ್ಟಾ ಪುಕ್ಕಲ. ಸ್ಟೇಷನ್‌ವರೆಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬರುವ ಜಾತಿ. ಹೀಗೆ ತಪ್ಪಿಸಿಕೊಂಡ ಲೋಕಲ್ ರೈಲುಗಳನ್ನು ಸಾಲಾಗಿ ನಿಲ್ಲಿಸಿದರೆ ಊರು ಮುಟ್ಟಬಹುದು. ಐವತ್ತರ ದಶಕದಲ್ಲಿ ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿ, ಮಾಟುಂಗದ ಸೋದರಮಾವನ ಮನೆಯಲ್ಲಿದ್ದಾಗಲೇ ಈ ಕಾಯಿಲೆ ಬಲಿತಿತ್ತು. ಮಾವನಿಗೆ ಹೋಟೆಲಿತ್ತು. ಅಲ್ಲಿ ಸಾಂಬಾರಿನ ಸೌಟು ಎಡಕ್ಕೆ ತಿರುಗಿದರೂ ಅಡುಗೆಯವನಿಗೆ ಬೈಗುಳ. ಲೋಕದಲ್ಲಿ ತಿರುಗುವುದೆಲ್ಲ ಪ್ರದಕ್ಷಿಣೆಯಾಗಿಯೇ ತಿರುಗಬೇಕು ಎಂಬುದು ಮಾವನ ಶಾಸ್ತ್ರ.

ಆಗೊಂದು ವರ್ಷ ಅವರ ಮಗಳು ಸುಮತಿಯನ್ನು ಹೆರಿಗೆಗೆಂದು ಭಾಂಡುಪ್‌ನ ಗಂಡನ ಮನೆಯಿಂದ ಕರೆತರಬೇಕಿತ್ತು. ಹಿಂದಿನ ಸಲ ಅವಳ ಬಸಿರು ನಿಂತಿರಲಿಲ್ಲ. ಈ ಸಲ ಲೋಕಲ್‌ನ ನೂಕುನುಗ್ಗಲು ಬೇಡವೆಂದು ಮಾವ ತಮ್ಮ ಹಳೆಯ ಕಾರಿಗೆ ಹೊಸ ಚಕ್ರಗಳನ್ನೇ ತಂದರು. ಯಾರ ಕೈಗೂ ಕೊಡದೆ ತಾವೇ ಜೋಡಿಸಿದರು. ಅದೂ ಪ್ರದಕ್ಷಿಣೆಯಲ್ಲಿ! ಮೊದಲ ನಟ್ಟನ್ನು ಸ್ಪಾನರಿನ ಮೇಲೆ ನಿಂತು ಪೂರ್ತಿ ಬಿಗಿದರು. ಆಮೇಲೆ ಅದರ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಹೀಗೆ ಮಾಡಿದರೆ ಚಕ್ರ ಒಂದು ಬದಿ ಒತ್ತಿ ಕೂತು, ಇನ್ನೊಂದು ಬದಿ ಓರೆಯಾಗಿ ಉಳಿಯುತ್ತದೆ ಎಂದು ಯಾರಿಗೆ ಹೊಳೆಯಬೇಕು? ಕೊನೆಗೆ ಪ್ರತಿ ನಟ್ಟಿಗೂ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿದರು.

“ಪೂಜೆ ಆಯ್ತು. ಇನ್ನು ಹೆರಿಗೆ ಆಗುವವರೆಗೆ ಇದಕ್ಕೆ ಸ್ಪಾನರ್ ಮುಟ್ಟಿಸ್ಲಿಕ್ಕಿಲ್ಲ,” ಎಂದರು.

ಮರುದಿನ ಮಾವ, ಅತ್ತೆ, ನಾನು ಹೊರಟೆವು. ಘಾಟ್ಕೋಪರ್ ದಾಟಿದ ಮೇಲೆ ಮುಂದಿನ ಎಡಚಕ್ರದಿಂದ ಟಕ್, ಟಕ್ ಎಂದು ಕೇಳತೊಡಗಿತು.

“ಮಾವ, ಎಂತದೋ ಶಬ್ದ.”

“ಅದು ನಿನ್ನ ಎದೆ ಹೊಡ್ಕೊಳ್ಳುದು ಮಾರಾಯ.”

ಹಿಂದಿನ ಸೀಟಿನಿಂದ ಅತ್ತೆ, “ಅವನ ಎದೆ ಆದ್ರೆ ಇಷ್ಟು ನಿಧಾನಕ್ಕೆ ಹೊಡ್ಕೊಳ್ಳುದಿಲ್ಲ,” ಎಂದರು.

ಭಾಂಡುಪ್ ಮುಟ್ಟುವಾಗ ಮಾವನ ಕೈಯಲ್ಲಿ ಸ್ಟೀರಿಂಗ್ ನಡುಗುತ್ತಿತ್ತು. ಅವರು ಮಾತ್ರ ರಸ್ತೆಯನ್ನು ಬೈದರು. ಊಟ, ಮಾತುಕತೆ ಎಲ್ಲ ಮುಗಿದು, ಸುಮತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಮೆಟ್ಟಿಲಿಳಿದು ಬಂದಳು. ಅವಳನ್ನು ಕಂಡದ್ದೇ, ನಾನು ಹೋಗಿ ಆ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟೆ. ಧೈರ್ಯವೆಂದುಕೊಳ್ಳಬೇಡಿ. ಅಲ್ಲಿ ಕೂರಿಸಿದ್ದೂ ಹೆದರಿಕೆಯೇ.

“ಏಳು, ನೆರೆಕರೆಯವರು ನೋಡ್ತಾರೆ,” ಎಂದರು ಮಾವ.

“ನೋಡ್ಲಿ. ಇದನ್ನು ಸರಿ ಮಾಡದೆ ಸುಮತಿಯನ್ನು ಕೂರಿಸ್ಲಿಕ್ಕೆ ನಾನು ಬಿಡುದಿಲ್ಲ.”

ಅತ್ತೆ ಬಗ್ಗಿ ನನ್ನ ಭುಜದ ಪಕ್ಕದಲ್ಲಿದ್ದ ನಟ್ಟನ್ನು ಹಿಡಿದರು. ಅದು ಅವರ ಬೆರಳಿಗೇ ತಿರುಗಿತು. ಕೆಂಪಾದ ಬೆರಳನ್ನು ಗಂಡನ ಮುಖದ ಮುಂದೆ ಹಿಡಿದು, “ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುವಾಗ ಒಂದೇ ಬದಿಯಿಂದ ಎಳ್ಕೊಂಡು ಹೋದ್ರೆ ಆಚೆ ಬದಿ ಸುಕ್ಕು ಬೀಳ್ತದೆ. ಎದುರುಬದುರು ಎಳಿಬೇಕು ಅಂತ ನಿಮ್ಮ ಅಮ್ಮನೇ ನನಗೆ ಹೇಳಿ ಕೊಟ್ಟದ್ದು,” ಎಂದರು.

ಮಾವ ಬೈಯುತ್ತಾರೆಂದು ಕಾದೆ. ಅವರು ಚಕ್ರವನ್ನೇ ನೋಡುತ್ತ, “ಪೂಜೆ ಆದದ್ದನ್ನು ಬಿಚ್ಚಿ... ಹೋದ ಸಲದ ಹಾಗೆ ಎಂತಾದ್ರೂ...” ಎಂದು ನಿಲ್ಲಿಸಿದರು.

ಇಷ್ಟು ದಿನ ನಾನು ಅದನ್ನು ಹಟವೆಂದು ತಿಳಿದಿದ್ದೆ. ಮನುಷ್ಯ ನನಗಿಂತ ಹೆಚ್ಚು ಹೆದರಿದ್ದರು. ನನ್ನ ಹೆದರಿಕೆ ನಾಲಗೆಯ ಮೇಲಿತ್ತು, ಅವರದು ಕುಂಕುಮ ಹಚ್ಚಿಕೊಂಡು ಕೂತಿತ್ತು, ಅಷ್ಟೆ.

ಸುಮತಿಯೇ ಹತ್ತಿರ ಬಂದಳು. “ಅಪ್ಪ, ದೇವರ ತಲೆಯಿಂದ ಹೂ ಜಾರಿದ್ರೆ ಭಟ್ರು ಪುನಃ ಇಡುದಿಲ್ವಾ? ಹಾಗೆ ಅಂತ ತಿಳ್ಕೊಳ್ಳಿ.”

ಮಾವ ಕಾರೆತ್ತುವ ಜಾಕ್ ಹೊರತೆಗೆದರು. ನಾಲ್ಕೂ ಚಕ್ರಗಳ ನಟ್ಟು ಸಡಿಲಿಸಿ, ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿದರು. ಆಮೇಲೆ ಇದೊಂದು, ಅದರ ಎದುರಿನದೊಂದು ಎಂದು ಸ್ವಲ್ಪಸ್ವಲ್ಪವೇ ಬಿಗಿದರು. ಚಕ್ರ ನೆಲಕ್ಕೆ ಇಳಿದ ಮೇಲೆ ಕೊನೆಯ ಬಿಗಿತ. ಈ ಸಲ ಸ್ಪಾನರಿನ ಮೇಲೆ ನಿಲ್ಲಲಿಲ್ಲ. ಪ್ರತಿ ಸಲ ಎದುರಿನ ನಟ್ಟಿಗೆ ಹಾರುವಾಗ ಮಾತ್ರ ತುಟಿ ಅಲುಗುತ್ತಿತ್ತು, ದೇವರ ಕ್ಷಮೆ ಕೇಳುತ್ತಿದ್ದರೋ ಏನೋ.

ವಾಪಸು ಬರುವಾಗ ಶಬ್ದವಿರಲಿಲ್ಲ. ಆದರೂ ಸ್ವಲ್ಪ ದೂರದಲ್ಲಿ, ಯಾರೂ ಹೇಳದೆ, ಮಾವ ಕಾರು ನಿಲ್ಲಿಸಿ ಇಳಿದರು. ಒಂದೊಂದೇ ನಟ್ಟನ್ನು ನೋಡಿದರು. ಆಮೇಲೆ ಸ್ಪಾನರನ್ನು ನನ್ನ ಕೈಗಿಟ್ಟು, “ನೀನೂ ಒಮ್ಮೆ ನೋಡು ಮಾರಾಯ. ಇಬ್ಬರು ನೋಡಿದ್ರೆ ಒಳ್ಳೇದು,” ಎಂದರು. ನನ್ನ ಕಾಯಿಲೆಗೆ ಸಿಕ್ಕ ಮೊದಲ ಮರ್ಯಾದೆ ಅದು. ಮಗು ಮಾಟುಂಗದಲ್ಲಿ ಸುಖವಾಗಿ ಹುಟ್ಟಿತು.

ಇಷ್ಟೆಲ್ಲ ನೆನೆಯುತ್ತ ಕಿಟಕಿಯ ಬಳಿ ನಿಂತವನು ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಕಾಮತರ ಮನೆಯವರೆಲ್ಲ ಕಾರು ಹತ್ತಿ ಕೂತಿದ್ದರು.

“ಕಾಮತರೇ, ಸ್ವಲ್ಪ ದೂರ ಹೋದ ಮೇಲೆ ಒಮ್ಮೆ ನಿಲ್ಲಿಸಿ, ನಟ್ಟು ಬಿಗಿ ಉಂಟಾ ನೋಡಿ.”

ಅವರು ಕಿಟಕಿಯಿಂದ ತಲೆ ಹೊರಹಾಕಿ ನಕ್ಕರು. “ಎಂತ ಮಾರಾಯ್ರೆ, ನಿಮಗೆ ಹೆದರಿಕೆಯಾ?”

“ಹೌದು,” ಎಂದೆ. ಹಾಗೆ ಹೇಳಲು ನಾಚಿಕೆಯಾಗಲಿಲ್ಲ.