ಕೂಸು ಅತ್ತ ಮೇಲೆಯೇ ಅಂಟಿನುಂಡೆ

ಅಮೆರಿಕದ ಸಿಯಾಟಲ್ ಪಕ್ಕದ ಬಾಥೆಲ್ಲಿನ ಗೌರಾದೇವಿಗೆ ಈಚೆಗೆ ಜನರ ಮಾತು ಕೇಳಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಗಂಡ ದ್ಯಾಮಣ್ಣನ ಜೊತೆ ಗದಗ ಬಿಟ್ಟು ಬಂದು ಹದಿನೇಳು ವರ್ಷವಾದರೂ ಅವರ ಗ್ರೀನ್ ಕಾರ್ಡಿನ ಸರದಿ ಬಂದಿರಲಿಲ್ಲ. ಅದು ಬರಲಿ ಬಿಡಲಿ, ಸುತ್ತಲಿನ ಕನ್ನಡದ ಮನೆಗಳಲ್ಲಿ ಯಾರಿಗೇ ಹೆರಿಗೆಯಾದರೂ ಬಾಣಂತಿಗೆ ಅಂಟಿನುಂಡೆ ಮಾತ್ರ ಗೌರಕ್ಕನದೇ ಆಗಬೇಕು. ಕೊಬ್ಬರಿ, ಉತ್ತತ್ತಿ, ಬೆಲ್ಲ ಡಬ್ಬಿಯಲ್ಲಿ ಯಾವಾಗಲೂ ಇರುತ್ತಿದ್ದವು. ಆದರೆ ಅಂಟನ್ನು ತುಪ್ಪಕ್ಕೆ ಬಿಡಬೇಕಾದರೆ ಆಸ್ಪತ್ರೆಯಿಂದ ಫೋನು ಬರಬೇಕು, ಅವಳು "ಕೂಸು ಅತ್ತಿತೇನು?" ಎಂದು ಕೇಳಬೇಕು, ಆ ಕಡೆಯವರು ಹೌದು ಅನ್ನಬೇಕು. ಹುಟ್ಟುವ ಮೊದಲೇ ಕೂಸಿನ ಹೆಸರಲ್ಲಿ ಏನೂ ಮಾಡಬಾರದೆಂದು ಅವಳ ಅವ್ವ ಹಾಕಿಕೊಟ್ಟ ಪದ್ಧತಿ. ನಲವತ್ತೊಂದು ಕೂಸುಗಳ ತನಕ ಅದು ಒಮ್ಮೆಯೂ ತಪ್ಪಿರಲಿಲ್ಲ.

ಜನವರಿಯ ಕೊನೆಯ ಭಾನುವಾರ ರವಿಕಿರಣ ತನ್ನ ತುಂಬು ಬಸುರಿ ಹೆಂಡತಿ ಶೀತಲ್‌ಳನ್ನು ಕರೆದುಕೊಂಡು ಬಂದ. ಹುಬ್ಬಳ್ಳಿಯ ಹುಡುಗ, ಹತ್ತಿರದ ರೆಡ್ಮಂಡ್ ಊರಿನಲ್ಲಿ ಕೆಲಸ. ಇಬ್ಬರೂ ಕೆಲಸದ ವೀಸಾದ ಮೇಲಿದ್ದವರು.

"ಗೌರಕ್ಕ, ಫೆಬ್ರವರಿ ಹದಿನೇಳಕ್ಕ ಉಂಡಿ ಬೇಕ್ರಿ," ಎಂದ, ಕೂಡುವ ಮೊದಲೇ.

"ಡಾಕ್ಟರು ಮಾರ್ಚ್ ಹತ್ತಕ್ಕಲ್ಲೇನು ದಿನ ಕೊಟ್ಟದ್ದು?"

"ಮೊದಲೇ ಸಿಸೇರಿಯನ್ ಮಾಡಸಬೇಕಂತ ಮಾಡೇವ್ರಿ. ಹತ್ತೊಂಬತ್ತರಿಂದ ಆ ಆರ್ಡರ್ ಜಾರಿಗೆ ಬರ್ತದಲ್ರಿ. ಆಮ್ಯಾಲೆ ಹುಟ್ಟಿದ್ರ ನಮ್ಮಂಥವರ ಕೂಸು ಸಿಟಿಜನ್ ಅಲ್ಲ."

ಅಧ್ಯಕ್ಷರು ಆ ಆದೇಶಕ್ಕೆ ಸಹಿ ಹಾಕಿ ಒಂದು ವಾರವಾಗಿತ್ತಷ್ಟೆ. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ ಇಲ್ಲದಿದ್ದರೆ, ಇಲ್ಲಿ ಹುಟ್ಟಿದ ಮಗುವಿಗೂ ಪೌರತ್ವವಿಲ್ಲ ಎನ್ನುತ್ತಿತ್ತು ಅದು. ಸಿಯಾಟಲ್ಲಿನ ಕೋರ್ಟು ಮೂರೇ ದಿನದಲ್ಲಿ ತಡೆ ಕೊಟ್ಟಿತ್ತು, ಆದರೆ ಹದಿನಾಲ್ಕು ದಿನದ ಮಟ್ಟಿಗೆ. ರವಿಕಿರಣನ ತಲೆಯಲ್ಲಿ ಉಳಿದದ್ದು ಆ ಹದಿನಾಲ್ಕು ಮಾತ್ರ.

ದ್ಯಾಮಣ್ಣನ ಪಕ್ಕ ಕೂತು ಚಹಾ ಕುಡಿಯುತ್ತಿದ್ದ ಪಕ್ಕದ ಬೀದಿಯ ಪ್ರಭುದೇವ ಕಪ್ಪು ಕೆಳಗಿಟ್ಟರು. ಅವರು ಸಿಟಿಜನ್ ಆಗಿ ಎರಡು ವರ್ಷ. ಅಂದಿನಿಂದ ಈ ದೇಶದ ಭಾರವೆಲ್ಲ ಅವರ ಹೆಗಲ ಮೇಲೆಯೇ ಬಿದ್ದಿತ್ತು.

"ನೋಡಪಾ, ದೇಶ ಅಂದ್ರ ಅದಕ್ಕೊಂದು ಗುರುತಿರಬೇಕು. ವೀಸಾದ ಮ್ಯಾಲೆ ಬಂದವರೆಲ್ಲ ಹಡಕೋತ ಹೋದ್ರ ಹೆಂಗ?"

ಗೌರಾದೇವಿಗೆ ಮೈಯೆಲ್ಲ ಉರಿಯಿತು. "ನಿಮ್ಮ ತನ್ಮಯ ಹುಟ್ಟಿದಾಗ ನೀವು ಯಾವ ಕಾರ್ಡ್ ಹಿಡಕೊಂಡಿದ್ರಿ ಅಣ್ಣಾರ? ಆ ಉಂಡಿ ಕಟ್ಟಿದಾಕಿ ನಾನ. ವೀಸಾ ರಿನ್ಯೂ ಆಗಿಲ್ಲಂತ ಒಂದು ಉಂಡೀನೂ ನಿಮ್ಮ ಗಂಟಲಾಗ ಸಿಕ್ಕೊಳ್ಳಲಿಲ್ಲ."

"ಅದು ಬ್ಯಾರೆ ಕಾಲ, ತಂಗಿ."

ಅಷ್ಟರಲ್ಲಿ ದ್ಯಾಮಣ್ಣ ಫೋನು ತೆಗೆದು, ಇಲ್ಲಿ ಹುಟ್ಟಿದವರು ಇಲ್ಲಿನ ಪೌರರೆನ್ನುವ ಅಮೆರಿಕದ ಸಂವಿಧಾನದ ಹದಿನಾಲ್ಕನೇ ತಿದ್ದುಪಡಿ ಓದತೊಡಗಿದ. ಮೂವರು ಗಂಡಸರೂ ವಾದಕ್ಕೆ ಬಿದ್ದರು. ಬಸುರಿ ಹೆಂಗಸಿಗೆ ಒಂದು ಲೋಟ ನೀರು ಬೇಕೇ ಎಂದು ಒಬ್ಬನೂ ಕೇಳಲಿಲ್ಲ. ಗೌರಾದೇವಿ ಶೀತಲ್‌ಳ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದು ನೀರು ಕೊಟ್ಟಳು.

"ನಿನಗೇನ ಅನಸ್ತದವಾ?"

"ಎಲ್ಲಾ ಛಲೋ ಅದ, ಸುಮ್ನ ಕೊಯ್ಯಾಕ ಕಾರಣಿಲ್ಲ ಅಂದ್ರು ಡಾಕ್ಟರು. ಇವ್ರು ಬ್ಯಾರೆ ಡಾಕ್ಟರನ್ನ ಹುಡುಕಾಕತ್ತಾರ. ನನಗ ಬ್ಯಾಡಕ್ಕ." ಶೀತಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಆದ್ರ ನಾಳೆ ಕೂಸಿಗೆ ಕಾಗದ ಸಿಗಲಿಲ್ಲಂದ್ರ, ನನ್ನಿಂದಾನ ಆತು ಅಂತಾರಲ್ಲ?"

ಗೌರಾದೇವಿ ಹೊರಗೆ ಬಂದವಳೇ, "ಹದಿನೇಳಕ್ಕ ಉಂಡಿ ಇಲ್ಲ," ಎಂದಳು. "ಹೆಂಡತಿ ಹೊಟ್ಟಿ ಕೊಯ್ಸಾಕ ಡಾಕ್ಟರನ್ನ ಹುಡುಕಿದಿ ಅಂದ್ರ, ಇಡೀ ಬಾಥೆಲ್ಲಿಗೆ ಫೋನ್ ಮಾಡಿ ನಿನ್ನ ಮಾನ ಕಳೀತೀನಿ. ಕೂಸು ತಯಾರಾದಾಗ ಬರ್ತದ."

ರವಿಕಿರಣನ ಮುಖ ಸಣ್ಣಗಾಯಿತು. "ನೀವು ಅನ್ನೂದು ಸುಲಭ ಅದ ಅಕ್ಕಾ. ನಿಮ್ಮ ವೈಶಾಲಿ ಕೈಯಾಗ ಇಲ್ಲಿನ ಪಾಸ್‌ಪೋರ್ಟ್ ಅದ."

ವೈಶಾಲಿ ಗೌರಾದೇವಿಯ ಮಗಳು, ಇಲ್ಲೇ ಹುಟ್ಟಿ ಹೈಸ್ಕೂಲಿಗೆ ಬಂದವಳು. ಅವನ ಮಾತು ನಿಜವೇ ಆಗಿತ್ತು. ನಿಜವೆಂಬುದಕ್ಕೇ ಅವಳಿಗೆ ಇನ್ನಷ್ಟು ರೇಗಿತು.

ಫೆಬ್ರವರಿ ಆರರಂದು ಕೋರ್ಟು ತಡೆಯನ್ನು ಮುಂದಿನ ತೀರ್ಪಿನ ತನಕ ಮುಂದುವರಿಸಿತು. ರವಿಕಿರಣ ಬೇರೆ ಡಾಕ್ಟರನ್ನು ಹುಡುಕುವುದನ್ನು ಬಿಟ್ಟ. ಸುದ್ದಿಯ ಹುಚ್ಚು ಈಗ ಗೌರಾದೇವಿಗೆ ಹತ್ತಿತು. ಒಲೆಯ ಪಕ್ಕ ಫೋನು ಒರಗಿಸಿಟ್ಟು, ಅಪೀಲಂತೆ, ಮೇಲಿನ ಕೋರ್ಟಂತೆ ಎಂದು ಕೇಳುತ್ತ ಕೇಳುತ್ತ ಎರಡು ಸಲ ಸಾರು ಉಕ್ಕಿಸಿದಳು. ತಡೆದವಳು ತಾನು, ನಾಳೆ ತೀರ್ಪು ತಿರುಗಿ ಬಿದ್ದರೆ ಆ ಕೂಸಿನ ಮುಂದೆ ನಿಲ್ಲುವುದು ಹೇಗೆ? ಅವಳಿಗೆ ಹೆದರಿಕೆಯಾಗಿತ್ತು. ಹೆದರಿಕೆಯನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಂಡಳು.

ಮಾರ್ಚ್ ಎಂಟರ ಮಧ್ಯಾಹ್ನ ಫೋನು ಬಂತು.

"ಗೌರಕ್ಕ, ಹೆಣ್ಣು!" ರವಿಕಿರಣ ಕೂಗಿಯೇಬಿಟ್ಟ.

"ಬರ್ತ್ ಸರ್ಟಿಫಿಕೇಟಿನ ಫಾರ್ಮ್ ತುಂಬಿದಿ ಇಲ್ಲೋ?" ಎಂದಳು ಗೌರಾದೇವಿ.

ಆ ಕಡೆ ರವಿಕಿರಣನ ಹಿಂದೆ ಎಲ್ಲೋ ಕೂಸು ಜೋರಾಗಿ ಅಳುತ್ತಿತ್ತು. ಅದನ್ನು ಕೇಳಿದ ಮೇಲೆಯೇ ತಾನು ಏನು ಕೇಳಬೇಕಿತ್ತು, ಏನು ಕೇಳಿಬಿಟ್ಟೆ ಎಂದು ಗೌರಾದೇವಿಗೆ ಹೊಳೆಯಿತು. ಪ್ರಭುದೇವರ ಮೇಲೂ ಬಾರದಷ್ಟು ಸಿಟ್ಟು ತನ್ನ ಮೇಲೆಯೇ ಬಂತು. ಒಲೆ ಹಚ್ಚಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದಳು.

"ಫೋನ್ ಇಡಬ್ಯಾಡ ತಮ್ಮಾ," ಎಂದಳು. "ಇನ್ನೊಮ್ಮೆ ಮೊದಲಿಂದ ಹೇಳು. ನಾ ಸರಿಯಾಗಿ ಕೇಳ್ತೀನಿ."