ಟಗರಿನ ಕಾಲು ಹಿಡಿದ ಯಂತ್ರದ ಕೈ

ಮೇಜಿನ ಮೇಲಿದ್ದ ಯಂತ್ರದ ಕೈ ಅಲ್ಲಾಡಲೇ ಇಲ್ಲ. ಅದನ್ನು ಪರೀಕ್ಷಿಸಲು ಶಿಕಾರಿಪುರದಲ್ಲಿ ನಡೆಸಿದ ಶಿಬಿರದಲ್ಲಿ ನನ್ನ ತಲೆಗೆ ತಂತಿಗಳಿದ್ದ ಟೋಪಿ ಹಾಕಿದ್ದರು. ನಾನು ಮನಸ್ಸಿನಲ್ಲೇ ಬಲಗೈ ಆಡಿಸಿದರೆ ಮಿದುಳಿನ ಸಂಕೇತ ಹಿಡಿದು ಅದೂ ಆಡಬೇಕಂತೆ. ನನ್ನ ಬಲಗೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋಗಿ ವರ್ಷಗಳಾದವು.

“ಚೆಂಡು ಹಿಡಿದ ಹಾಗೆ ಅಂದ್ಕೊಳ್ಳಿ,” ಎನ್ನುತ್ತಿದ್ದ ಇಂಜಿನಿಯರ್ ಹುಡುಗಿ ಕೊನೆಗೆ ಜೊತೆಗೆ ಬಂದಿದ್ದ ನನ್ನ ಅಣ್ಣನ ಕಡೆ ತಿರುಗಿ, “ಇವ್ರಿಗೆ ಅರ್ಥ ಆಗ್ತಿಲ್ಲ ಅನ್ಸುತ್ತೆ,” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಚೆಂಡನ್ನು ನಾನ್ಯಾವಾಗ ಹಿಡಿದಿದ್ದೆ? ತೊಗರ್ಸಿಯ ನಮ್ಮ ಮನೆಯಲ್ಲಿ ಹಿಡಿಯುವುದು ಕುರಿಗಳನ್ನು. ಕಣ್ಣು ಮುಚ್ಚಿದೆ. ಉಣ್ಣೆ ಕತ್ತರಿಸಲು ಅಣ್ಣ ಕತ್ತರಿ ಹಿಡಿದು ಕೂತಿದ್ದಾನೆ, ಟಗರು ತಪ್ಪಿಸಿಕೊಂಡು ಓಡುತ್ತಿದೆ ಎಂದುಕೊಂಡು ಅದರ ಹಿಂಗಾಲಿಗೆ ಕೈ ಹಾಕಿದೆ. ಯಂತ್ರದ ಬೆರಳುಗಳು ಮಡಚಿಕೊಂಡು ಎದುರಿಗಿದ್ದ ಚೆಂಡನ್ನು ಅದುಮಿ ಹಿಡಿದವು.

ಹುಡುಗಿ ಕುಣಿದೇಬಿಟ್ಟಳು. “ಸಾಕಮ್ಮ, ಈಗ ಬಿಡಿ!”

“ಬಿಡಲ್ಲ ಕಣ್ರೀ. ಉಣ್ಣೆ ಕತ್ರಿಸೋಕ್ ಮೊದ್ಲೇ ಕಾಲು ಬಿಟ್ರೆ ಟಗರು ನಿಲ್ಲುತ್ತಾ?”

ಸಂಜೆ ಆ ಕೈಯನ್ನು ಪೆಟ್ಟಿಗೆಯಲ್ಲಿಟ್ಟು ಕೊಂಡೊಯ್ದರು. ಒಯ್ಯಲಿ. ಅದಕ್ಕೆ ಹಿಡಿಯುವುದನ್ನು ಕಲಿಸಿದವಳು ನಾನು.